ಮರಕ್ಕೊಪ್ಪುವ ಅಂಟು

ಮನುಷ್ಯನು ಕೈಗೊಂಡ ಕುಶಲ ಕೆಲಸಗಳಲ್ಲಿ ಕತ್ತರಿಸುವುದು ಒಂದು ಬಗೆಯಾದರೆ ಕೂಡಿಸುವುದು ಇನ್ನೊಂದು ಬಗೆ. ಕತ್ತರಿಸಲು ಹರಿತವಾದ ಆಯುಧವೂ ಬಲವೂ ಇದ್ದರೆ ಸಾಕು. ಕೂಡಿಸಲು ವಿವೇಕವೂ ಬೇಕು. ದರ್ಜಿಗೆ ದಾರ, ಗಾರೆಯವನಿಗೆ ಸುಣ್ಣ, ಅಕ್ಕಸಾಲಿಗನಿಗೆ ಬೆಸುಗೆ ಇರುವಂತೆ ಬಡಗಿಗೆ ಅಂಟು ಇದೆ. ನಾವು ದಿನವೂ ಕಾಣುವ ಮೇಜು, ಬೀರು, ಬಾಗಿಲುಗಳಲ್ಲಿ ಅಂಟು ಕಣ್ಣಿಗೆ ಬೀಳುವುದಿಲ್ಲ. ಅದು ಕಣ್ಣಿಗೆ ಬಿದ್ದಿತೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಹೀಗೆ ಮರೆಯಲ್ಲಿದ್ದುಕೊಂಡೇ ಇಡೀ ವಸ್ತುವನ್ನು ಹಿಡಿದಿಡುವ ಈ ಪದಾರ್ಥದ ಗುಣವನ್ನೂ, ಯಾವ ಕೆಲಸಕ್ಕೆ ಯಾವ ಅಂಟು ತಕ್ಕುದೆಂಬುದನ್ನೂ ಈ ಪಾಠದಲ್ಲಿ ತಿಳಿಯೋಣ.

ಅಂಟಿನ ಗುಣದೋಷಗಳು ಚೆನ್ನಾಗಿ ಬಯಲಾಗುವುದು ವೆನೀರ್ ಕೆಲಸದಲ್ಲಿ. ವೆನೀರ್ ಎಂದರೆ ಮರದಿಂದ ತೆಗೆದ ತೆಳುವಾದ ಹಾಳೆ. ಬೀಟೆ, ತೇಗ ಮುಂತಾದ ಬೆಲೆಬಾಳುವ ಮರಗಳನ್ನು ಇಂತಹ ಹಾಳೆಗಳನ್ನಾಗಿ ಮಾಡಿ, ಸಾಧಾರಣ ಮರದ ಹಲಗೆಯ ಮೇಲೆ ಅಂಟಿಸಿದರೆ, ನೋಡುವವರಿಗೆ ಇಡೀ ವಸ್ತುವೇ ಆ ಉತ್ತಮ ಮರದಿಂದಾದಂತೆ ತೋರುತ್ತದೆ. ಹಿಂದೆ ಈ ಹಾಳೆಗಳನ್ನು ಗರಗಸದಿಂದ ಕೊಯ್ಯುತ್ತಿದ್ದರು. ಆಗ ಹಾಳೆಯಾಗುವಷ್ಟೇ ಮರ ಹೊಟ್ಟಾಗಿ ಉದುರಿ ಹೋಗುತ್ತಿತ್ತು. ಈಗ ಮರದ ದಿಮ್ಮಿಯನ್ನು ಬಿಸಿನೀರಿನಲ್ಲಿ ನೆನೆಸಿ ಅಥವಾ ಹಬೆಯಲ್ಲಿ ಬೇಯಿಸಿ ಮೆದುಗೊಳಿಸಿ, ಅಗಲವಾದ ಅಲಗಿನಿಂದ ಸೀಳುತ್ತಾರೆ. ಪ್ಲೈವುಡ್ಡಿಗೆ ಬೇಕಾದ ಹಾಳೆಗಳಿಗಾಗಿ ದಿಮ್ಮಿಯನ್ನೇ ತಿರುಗಿಸುತ್ತಾ, ಚಾಪೆಯ ಸುರುಳಿಯನ್ನು ಬಿಚ್ಚಿದಂತೆ, ಉದ್ದವಾದ ಪಟ್ಟಿಯಾಗಿ ಸುಲಿದು ತೆಗೆಯುತ್ತಾರೆ. ಅಲಂಕಾರಕ್ಕೆ ಬಳಸುವ ಹಾಳೆಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

ಇದರಿಂದಾಗುವ ಉಳಿತಾಯವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಘನ ಮೀಟರ್ ಮರವನ್ನು 25 ಮಿಲಿಮೀಟರ್ ದಪ್ಪದ ಹಲಗೆಗಳನ್ನಾಗಿ ಮಾಡಿದರೆ, ನಷ್ಟವೇ ಇಲ್ಲವೆಂದು ಭಾವಿಸಿದರೂ, 40 ಚದರ ಮೀಟರಿನಷ್ಟು ಮೇಲ್ಮೈ ಮಾತ್ರ ದೊರೆಯುತ್ತದೆ. ಅದೇ ಮರವನ್ನು ಅರ್ಧ ಮಿಲಿಮೀಟರಿನ ಹಾಳೆಗಳನ್ನಾಗಿ ಸೀಳಿದರೆ 2,000 ಚದರ ಮೀಟರ್ ಆಗುತ್ತದೆ. ಬೀಟೆಯ ಮರ ಬಲಿತು ನಿಲ್ಲಲು ಮನುಷ್ಯನ ಒಂದು ಆಯುಷ್ಯಕ್ಕಿಂತ ಹೆಚ್ಚು ಕಾಲ ಬೇಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅದರ ಸಂಖ್ಯೆ ಕುಗ್ಗಿ, ಅದು ಇಂದು ಅಪಾಯದ ಅಂಚಿಗೆ ಬಂದಿರುವ ಮರಗಳ ಸಾಲಿಗೆ ಸೇರಿದೆ. ಇಂತಹ ಮರದ ಒಂದು ಹಾಳೆಯೂ ಹಾಳಾಗಬಾರದು. ಆದರೆ ಹಾಳೆ ಎಷ್ಟೇ ಸುಂದರವಾಗಿರಲಿ, ಅಡಿಯ ಹಲಗೆ ಎಷ್ಟೇ ಗಟ್ಟಿಯಾಗಿರಲಿ, ಅವೆರಡರ ನಡುವಿನ ಅಂಟು ತಪ್ಪಾದುದಾದರೆ ಮರವೂ ಹೋಯಿತು, ಶ್ರಮವೂ ಹೋಯಿತು.

ಅಂಟಿಗೆ ಇಷ್ಟು ಪ್ರಾಮುಖ್ಯ ಏಕೆ? ಮರವು ಕಡಿದ ಮೇಲೂ ನಿಶ್ಚಲವಾಗಿರುವುದಿಲ್ಲವೆಂಬುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿದುಕೊಂಡು ತೆರೆಯಲು ಕಷ್ಟವಾಗುವುದನ್ನೂ, ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿಯಿಂದ ಬೆಳಕು ತೂರುವುದನ್ನೂ ನೀವು ನೋಡಿರಬಹುದು. ಗಾಳಿಯಲ್ಲಿರುವ ತೇವವನ್ನು ಹೀರಿ ಮರ ಉಬ್ಬುತ್ತದೆ. ತೇವವನ್ನು ಬಿಟ್ಟು ಕುಗ್ಗುತ್ತದೆ. ಈ ಹಿಗ್ಗುಕುಗ್ಗು ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮರದ ನಾರು ಓಡುವ ಉದ್ದದ ದಿಕ್ಕಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ನಾರಿಗೆ ಅಡ್ಡಲಾಗಿ ಹೆಚ್ಚು. ಅಡ್ಡ ದಿಕ್ಕಿನಲ್ಲಿಯೂ ದಿಮ್ಮಿಯ ತಿರುಳಿನಿಂದ ಹೊರಮುಖವಾಗಿ ಆಗುವುದಕ್ಕಿಂತ, ಬೆಳವಣಿಗೆಯ ಉಂಗುರಗಳ ಸುತ್ತಳತೆಯ ಗುಂಟ ಆಗುವುದು ಸುಮಾರು ಇಮ್ಮಡಿ. ಹೀಗಿರುವಲ್ಲಿ ಬೀಟೆಯ ತೆಳುಹಾಳೆಯು ಒಂದು ರೀತಿ ಅಲುಗಲು ಯತ್ನಿಸಿದರೆ, ಕೆಳಗಿನ ಹಲಗೆ ಇನ್ನೊಂದು ರೀತಿ ಅಲುಗಲು ಯತ್ನಿಸುತ್ತದೆ. ಇವೆರಡರ ಜಗ್ಗಾಟದ ನಡುವೆ ನಿಂತು, ವರ್ಷಗಟ್ಟಲೆ ಎರಡನ್ನೂ ಹಿಡಿದಿಡುವ ಹೊಣೆ ಅಂಟಿನದು.

ಅಂಟು ಹಿಡಿಯುವ ಬಗೆಯನ್ನೂ ತಿಳಿದಿರಬೇಕು. ಮರದ ಮೇಲ್ಮೈ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ಜೇನುಗೂಡಿನಂತೆ ಟೊಳ್ಳು ಕೋಶಗಳಿಂದ ತುಂಬಿರುತ್ತದೆ. ದ್ರವರೂಪದ ಅಂಟು ಮೊದಲು ಮರವನ್ನು ತೋಯಿಸಿ, ಹರಡಿ, ಈ ಕೋಶಗಳೊಳಕ್ಕೆ ಇಳಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಕೋಶಗಳಲ್ಲಿ ಇಳಿದ ಅಂಟು ಬೇರುಬಿಟ್ಟಂತೆ ನಿಲ್ಲುವುದಲ್ಲದೆ, ಅಂಟಿನ ಅಣುಗಳಿಗೂ ಮರದ ಸೆಲ್ಯುಲೋಸಿನ ಅಣುಗಳಿಗೂ ಪರಸ್ಪರ ಆಕರ್ಷಣೆ ಉಂಟಾಗುತ್ತದೆ. ಆದುದರಿಂದ ತೋಯಿಸದ ಅಂಟು ಹಿಡಿಯಲಾರದು. ಇದನ್ನು ನೀವೇ ಪರೀಕ್ಷಿಸಬಹುದು. ಹೊಸದಾಗಿ ಉಜ್ಜಿದ ಹಲಸಿನ ತುಂಡಿನ ಮೇಲೂ, ಬಹುಕಾಲದಿಂದ ಹಾಗೆಯೇ ಬಿದ್ದಿರುವ ತೇಗದ ತುಂಡಿನ ಮೇಲೂ ಒಂದೊಂದು ಹನಿ ನೀರು ಬಿಟ್ಟು ನೋಡಿರಿ. ಎಲ್ಲಿ ಹನಿ ಹರಡಿ ಇಂಗುವುದೋ ಅಲ್ಲಿ ಅಂಟು ಹಿಡಿಯುತ್ತದೆ. ಎಲ್ಲಿ ಅದು ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಲ್ಲುವುದೋ ಅಲ್ಲಿ ಅಂಟು ಹಿಡಿಯುವುದು ಕಷ್ಟ. ತೇಗ, ಬೀಟೆಗಳಲ್ಲಿ ಸ್ವಭಾವತಃ ಎಣ್ಣೆಯಂತಹ ಪದಾರ್ಥಗಳಿದ್ದು, ಅವು ಕಾಲಕ್ರಮದಲ್ಲಿ ಮೇಲ್ಮೈಗೆ ಬರುತ್ತವೆ. ಆದುದರಿಂದ ಇಂತಹ ಮರಗಳನ್ನು ಉಪ್ಪುಕಾಗದದಿಂದ ಹೊಸದಾಗಿ ಉಜ್ಜಿ, ಅಸಿಟೋನಿನಂತಹ ದ್ರಾವಕದಿಂದ ಒರಸಿ, ತಡಮಾಡದೆ ಅಂಟು ಹಚ್ಚಬೇಕು.

ಇನ್ನು ಅಂಟುಗಳ ಪರಿಚಯಕ್ಕೆ ಬರೋಣ. ಇವುಗಳಲ್ಲಿ ಅತಿ ಪ್ರಾಚೀನವಾದುದು ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಸರೇಸು. ಇದನ್ನು ಮರವಜ್ರವೆಂದೂ ಕರೆಯುವುದುಂಟು. ಪ್ರಾಚೀನ ಈಜಿಪ್ಟಿನ ಥೀಬ್ಸ್ ನಗರದಲ್ಲಿ, ಮಂತ್ರಿಯಾಗಿದ್ದ ರೆಖ್ಮಿರೆಯ ಸಮಾಧಿಯ ಗೋಡೆಗಳ ಮೇಲೆ ಬಡಗಿಗಳು ಅಂಟಿನ ಪಾತ್ರೆಯನ್ನು ಬೆಂಕಿಯ ಮೇಲಿಟ್ಟುಕೊಂಡು ಕೆಲಸಮಾಡುವ ಚಿತ್ರಗಳಿವೆ. ಅವುಗಳಿಗೆ ಸುಮಾರು 3,400 ವರ್ಷಗಳಾದುವು. 1922ರಲ್ಲಿ ಹೊವಾರ್ಡ್ ಕಾರ್ಟರ್ ಶೋಧಿಸಿದ ತುತಂಖಾಮನ್ ದೊರೆಯ ಸಮಾಧಿಯಲ್ಲಿ, ಕರಿಮರ ದಂತಗಳ ತೆಳುಪದರಗಳನ್ನು ಅಂಟಿಸಿದ ಪೆಟ್ಟಿಗೆಗಳು ದೊರೆತುವು. ನಮ್ಮ ದೇಶದಲ್ಲಿಯೂ ಈ ವಿದ್ಯೆ ಹಳೆಯದೇ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ‘ವಜ್ರಲೇಪ’ವೆಂಬ ಬಲವಾದ ಅಂಟುಗಳನ್ನು ಮಾಡುವ ವಿಧಾನಗಳನ್ನು ಹೇಳಿದ್ದಾನೆ.

ಸರೇಸನ್ನು ತಣ್ಣೀರಿನಲ್ಲಿ ನೆನೆಯಿಟ್ಟು, ಅದು ಉಬ್ಬಿದ ಮೇಲೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ಕುದಿಸಿದರೆ ಅದರ ಬಲ ಕುಂದುತ್ತದೆ. ಬಿಸಿಯಿರುವಾಗಲೇ ಹಲಗೆಗೆ ಹಚ್ಚಿ, ಹಾಳೆಯನ್ನಿಟ್ಟು, ಅಗಲವಾದ ಬಾಯಿಯ ಉಪಕರಣದಿಂದ ಒತ್ತಿ ಎಳೆಯುತ್ತಾ ಹೆಚ್ಚಿನ ಅಂಟನ್ನು ಅಂಚಿಗೆ ತಳ್ಳುತ್ತಾರೆ. ಆರಿದೊಡನೆ ಅಂಟು ಹೆಪ್ಪುಗಟ್ಟಿ ಹಾಳೆಯನ್ನು ಹಿಡಿದುಕೊಳ್ಳುವುದರಿಂದ ಭಾರವಾದ ಒತ್ತುಯಂತ್ರ ಬೇಕಾಗುವುದಿಲ್ಲ. ಇದರ ಇನ್ನೊಂದು ಹಿರಿಮೆ ಎಂದರೆ, ಬೇಕೆಂದಾಗ ಬಿಸಿಯನ್ನೂ ತೇವವನ್ನೂ ತಗುಲಿಸಿ ಬಿಡಿಸಬಹುದು. ಪಿಟೀಲಿನಂತಹ ವಾದ್ಯಗಳನ್ನೂ ಹಳೆಯ ಪೀಠೋಪಕರಣಗಳನ್ನೂ ರಿಪೇರಿ ಮಾಡುವವರು ಇಂದಿಗೂ ಸರೇಸನ್ನು ಬಿಡದಿರುವುದು ಇದಕ್ಕಾಗಿಯೇ. ಆದರೆ ಅದರ ಹಿರಿಮೆಯೇ ಅದರ ಕೊರತೆಯೂ ಹೌದು. ಈಜಿಪ್ಟಿನ ಒಣ ಸಮಾಧಿಯಲ್ಲಿ ಮೂರು ಸಾವಿರ ವರ್ಷ ಬಾಳಿದ ಅಂಟು ನಮ್ಮ ಮಲೆನಾಡಿನ ಒಂದು ಮಳೆಗಾಲದಲ್ಲಿ ಮೆತ್ತಗಾಗಿ ಬೂಸು ಹಿಡಿಯಬಹುದು.

ಎರಡನೆಯದು ಹಾಲಿನಿಂದ ಬರುವ ಕೇಸೀನ್ ಅಂಟು. ಒಡೆದ ಹಾಲಿನ ಗಟ್ಟಿಭಾಗವನ್ನು ಒಣಗಿಸಿ ಪುಡಿಮಾಡಿ, ಸುಣ್ಣ ಮುಂತಾದ ಕ್ಷಾರಗಳೊಡನೆ ನೀರಿನಲ್ಲಿ ಕಲಸಿದರೆ ಇದು ಸಿದ್ಧವಾಗುತ್ತದೆ. ಬಿಸಿಮಾಡುವ ತೊಂದರೆಯಿಲ್ಲ, ಸರೇಸಿಗಿಂತ ಹೆಚ್ಚು ತೇವವನ್ನು ತಡೆಯುತ್ತದೆ. ಆದರೆ ಬಹುಕಾಲ ಒದ್ದೆಯಾಗಿದ್ದರೆ ಇದಕ್ಕೂ ಶಿಲೀಂಧ್ರ ತಗುಲುತ್ತದೆ. ಇದರಲ್ಲಿರುವ ಕ್ಷಾರವು ಟ್ಯಾನಿನ್ ಎಂಬ ಒಗರು ಪದಾರ್ಥವುಳ್ಳ ಮರಗಳ ಮೇಲೆ ಕಪ್ಪು ಕಲೆಗಳನ್ನು ಮಾಡುವುದರಿಂದ, ತೆಳುವಾದ ಅಲಂಕಾರದ ಹಾಳೆಗಳಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ.

ಮೂರನೆಯದು ನಮಗೆಲ್ಲ ಪರಿಚಿತವಾದ ಬಿಳಿಯ ಅಂಟು. ಇದರ ರಾಸಾಯನಿಕ ನಾಮ ಪಾಲಿವಿನೈಲ್ ಅಸಿಟೇಟ್. 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬ ವಿಜ್ಞಾನಿ ಈ ಪದಾರ್ಥವನ್ನು ಕಂಡುಹಿಡಿದನು. 1959ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಫೆವಿಕಾಲ್ ಈ ಜಾತಿಯದೇ. ಹಾಲಿನಲ್ಲಿ ಬೆಣ್ಣೆಯ ಕಣಗಳು ತೇಲುವಂತೆ ನೀರಿನಲ್ಲಿ ಇದರ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ನೀರು ಮರದೊಳಗೆ ಇಂಗಿ ಆವಿಯಾಗಿ ಹೋದಾಗ ಕಣಗಳು ಒಂದಕ್ಕೊಂದು ಬೆಸೆದು ಪಾರದರ್ಶಕವಾದ ಪೊರೆಯಾಗುತ್ತವೆ. ಬಳಸಲು ಸುಲಭ, ವಾಸನೆ ಕಡಮೆ, ಕೈಗೆ ಅಂಟಿದರೆ ನೀರಿನಲ್ಲಿ ತೊಳೆಯಬಹುದು. ಆದರೆ ಇದರಲ್ಲಿ ಮೂರು ಕೊರತೆಗಳಿವೆ. ಮೊದಲನೆಯದಾಗಿ, ಅಂಟಿನಲ್ಲಿರುವ ನೀರು ತೆಳುಹಾಳೆಯನ್ನು ಉಬ್ಬಿಸಿ ಸುರುಳಿಸುತ್ತದೆ. ಕೂಡಲೆ ಸಮನಾದ ಒತ್ತಡ ಹಾಕದಿದ್ದರೆ ಗುಳ್ಳೆಗಳೇಳುತ್ತವೆ. ಎರಡನೆಯದಾಗಿ, ಒಣಗಿದ ಮೇಲೂ ಇದು ಕೊಂಚ ಮೆದುವಾಗಿಯೇ ಉಳಿದು, ನಿರಂತರವಾದ ಸೆಳೆತಕ್ಕೆ ಸಿಕ್ಕಿದರೆ ಬಹು ನಿಧಾನವಾಗಿ ಜರುಗುತ್ತದೆ. ಆದುದರಿಂದ ಬಾಗಿಸಿ ಅಂಟಿಸಿದ ಹಾಳೆಗಳಿಗೆ ಇದು ತಕ್ಕುದಲ್ಲ. ಮೂರನೆಯದಾಗಿ, ಇದು ಶಾಖಕ್ಕೆ ಮೆತ್ತಗಾಗುತ್ತದೆ. ಸಾಧಾರಣ ಬಗೆಯು ನೀರಿನಲ್ಲಿ ನಿಲ್ಲುವುದೂ ಇಲ್ಲ. ನೀರನ್ನು ಹೆಚ್ಚು ತಡೆಯುವಂತೆ ಸುಧಾರಿಸಿದ ಬಗೆಗಳೂ ಈಗ ದೊರೆಯುತ್ತವೆ.

ನಾಲ್ಕನೆಯ ಗುಂಪು ಫಾರ್ಮಾಲ್ಡಿಹೈಡ್ ಅಂಟುಗಳದು. 1930ರ ದಶಕದಲ್ಲಿ ಮರಗೆಲಸಕ್ಕೆ ಬಂದ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿಗೆ ಗಟ್ಟಿಕಾರಕವೊಂದನ್ನು ಬೆರೆಸಿದಾಗ ಅದರ ಅಣುಗಳು ಬಲೆಯಂತೆ ಹೆಣೆದುಕೊಂಡು ಗಡುಸಾಗುತ್ತವೆ. ಒಮ್ಮೆ ಹೀಗೆ ಗಟ್ಟಿಯಾದರೆ ಮತ್ತೆ ಕರಗದು, ಜರುಗದು. ಹಾಳೆಯನ್ನು ಅಲುಗದಂತೆ ಹಿಡಿಯಬೇಕಾದ ಕಡೆ ಇದು ಶ್ರೇಷ್ಠ. ಕಾರ್ಖಾನೆಗಳಲ್ಲಿ ಬಿಸಿ ಒತ್ತುಯಂತ್ರಗಳಲ್ಲಿಟ್ಟು ಕೆಲವೇ ನಿಮಿಷಗಳಲ್ಲಿ ಇದನ್ನು ಗಟ್ಟಿಗೊಳಿಸುತ್ತಾರೆ. ಮನೆಯೊಳಗಿನ ತೇವವನ್ನು ಇದು ತಾಳುತ್ತದೆ. ಕುದಿನೀರನ್ನಾಗಲಿ ಸದಾ ಬಯಲಿನ ಮಳೆಬಿಸಿಲನ್ನಾಗಲಿ ತಾಳದು. ಅದನ್ನು ತಾಳುವುದು ಫೀನಾಲ್ ಫಾರ್ಮಾಲ್ಡಿಹೈಡ್. ಇದು 1907ರಲ್ಲಿ ಲಿಯೋ ಬೇಕ್‌ಲಂಡನು ರೂಪಿಸಿದ ಬೇಕಲೈಟಿನ ಸಂಬಂಧಿ. ದೋಣಿ ಮುಂತಾದವುಗಳಿಗೆ ಬಳಸುವ ಪ್ಲೈವುಡ್ಡಿಗೆ ಬೇಕಾದುದು ಈ ಬಗೆಯ ಅಂಟು. ಅಂತಹ ಪ್ಲೈವುಡ್ಡಿಗಾಗಿ ರೂಪಿಸಿದ ಐ.ಎಸ್. 710 ಎಂಬ ಭಾರತೀಯ ಮಾನಕದ 2010ರ ಆವೃತ್ತಿಯಲ್ಲಿ, ಮಾದರಿಯ ತುಂಡನ್ನು 72 ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಪದರಗಳು ಬಿಡಬಾರದೆಂಬ ಪರೀಕ್ಷೆಯನ್ನು ವಿಧಿಸಿತ್ತು. ಆದರೆ ಫೀನಾಲ್ ಅಂಟಿನ ಬಣ್ಣ ಕೆಂಗಂದು. ತೆಳುವಾದ ಬಿಳಿಯ ಹಾಳೆಯ ರಂಧ್ರಗಳಲ್ಲಿ ಅದು ಮೇಲಕ್ಕೆ ಜಿನುಗಿದರೆ ಅಂದ ಕೆಡುತ್ತದೆ.

ಇವುಗಳಲ್ಲದೆ ಇನ್ನೆರಡು ಅಂಟುಗಳನ್ನು ಹೆಸರಿಸಬೇಕು. ಒಂದು ರಬ್ಬರಿನ ಅಂಟು. ಇದನ್ನು ಎರಡೂ ಮೈಗಳಿಗೆ ಹಚ್ಚಿ, ಕೊಂಚ ಒಣಗಿಸಿ, ಒಂದಕ್ಕೊಂದು ತಗುಲಿಸಿದೊಡನೆ ಹಿಡಿಯುತ್ತದೆ. ಸನ್‌ಮೈಕದಂತಹ ಹಾಳೆಗಳಿಗೆ ಬಡಗಿಗಳು ಇದನ್ನು ಬಹಳವಾಗಿ ಬಳಸುತ್ತಾರೆ. ಒತ್ತುಯಂತ್ರವೂ ಬೇಡ, ಕಾಯುವುದೂ ಬೇಡವೆಂಬ ಕಾರಣದಿಂದ ಮರದ ಹಾಳೆಗೂ ಇದನ್ನೇ ಹಚ್ಚುವ ಆಸೆ ಹುಟ್ಟುವುದು ಸಹಜ. ಆದರೆ ರಬ್ಬರಿನ ಪೊರೆ ಹಿಗ್ಗುತ್ತದೆ. ಅದರ ಮೇಲಿನ ಮರದ ಹಾಳೆ ಋತುವಿಗನುಸಾರವಾಗಿ ಅಲುಗಾಡಿ, ಕೆಲವು ವರ್ಷಗಳಲ್ಲಿ ಗುಳ್ಳೆಯೆದ್ದು ಸೀಳುವ ಸಂಭವವಿದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಇನ್ನೊಂದು ಎಪಾಕ್ಸಿ. ಎರಡು ಭಾಗಗಳನ್ನು ಬೆರೆಸಿ ಬಳಸುವ ಈ ಅಂಟಿನಲ್ಲಿ ನೀರಿಲ್ಲದುದರಿಂದ ಹಾಳೆ ಉಬ್ಬುವುದಿಲ್ಲ, ಎಣ್ಣೆಯ ಅಂಶವುಳ್ಳ ಮರಗಳನ್ನೂ ಚೆನ್ನಾಗಿ ಹಿಡಿಯುತ್ತದೆ, ಸಣ್ಣ ಸಂದುಗಳನ್ನು ತುಂಬುತ್ತದೆ, ನೀರಿಗೆ ಅಂಜುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಕೈಗೆ ತಗುಲಿದರೆ ಕೆಲವರಿಗೆ ಚರ್ಮದ ತೊಂದರೆಯೂ ಉಂಟಾಗುತ್ತದೆ.

ಅಂಟಿನ ಆಯ್ಕೆ ಕೇವಲ ಅಂದಚಂದದ ಮಾತೆಂದು ಯಾರೂ ತಿಳಿಯಬಾರದು. ಅದು ಪ್ರಾಣದ ಪ್ರಶ್ನೆಯೂ ಆಗಬಲ್ಲುದೆಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಯುದ್ಧಕಾಲದಲ್ಲಿ ಲೋಹಗಳ ಅಭಾವವನ್ನು ಮನಗಂಡ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಸಂಸ್ಥೆಯು ಮಾಸ್ಕಿಟೊ ಎಂಬ ವಿಮಾನವನ್ನು ಬಹುಮಟ್ಟಿಗೆ ಮರದಿಂದಲೇ ನಿರ್ಮಿಸಿತು. ಅದು ಮೊದಲು ಹಾರಿದುದು 1940ರ ನವೆಂಬರ್ 25ರಂದು. ಬರ್ಚ್ ಮರದ ತೆಳುಹಾಳೆಗಳಿಂದ ಮಾಡಿದ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿ ಅದರ ಒಡಲನ್ನು ಮಾಡಿದ್ದರು. ಪೀಠೋಪಕರಣ ಮಾಡುತ್ತಿದ್ದ ಬಡಗಿಗಳು ಅದರ ನಿರ್ಮಾಣದಲ್ಲಿ ಪಾಲುಗೊಂಡಿದ್ದರು. ಆ ಕಾಲದ ಅತಿ ವೇಗದ ವಿಮಾನಗಳಲ್ಲಿ ಅದೂ ಒಂದಾಯಿತು. ಆರಂಭದಲ್ಲಿ ಅದಕ್ಕೆ ಬಳಸಿದುದು ಹಾಲಿನ ಕೇಸೀನ್ ಅಂಟು. ಅನಂತರ ಫಾರ್ಮಾಲ್ಡಿಹೈಡ್ ಅಂಟು ಅದರ ಸ್ಥಾನಕ್ಕೆ ಬಂದಿತು.

1944ರಲ್ಲಿ ಭಾರತ ಮತ್ತು ಬರ್ಮಾ ರಂಗದಲ್ಲಿದ್ದ ಈ ಜಾತಿಯ ಕೆಲವು ವಿಮಾನಗಳು ಆಕಾಶದಲ್ಲಿಯೇ ರೆಕ್ಕೆಗಳು ಕಳಚಿ ನೆಲಕ್ಕುರುಳಿದುವು. ಅವುಗಳಲ್ಲಿದ್ದ ವಿಮಾನಿಗಳು ಪ್ರಾಣತೆತ್ತರು. ವಿಮಾನಗಳ ಹಾರಾಟವನ್ನು ತಡೆಹಿಡಿದು ತನಿಖೆ ನಡೆಸಿದಾಗ ರೆಕ್ಕೆಗಳಲ್ಲಿ ಅಂಟಿನ ಜೋಡಣೆಗಳು ಬಿಟ್ಟುಕೊಂಡಿದ್ದುದು ಬೆಳಕಿಗೆ ಬಂದಿತು. ನಮ್ಮ ದೇಶದ ಬಿಸಿಲು ಮಳೆಗಳಿಗೆ ಅಂಟು ಕೆಟ್ಟಿತೆಂದು ಕೆಲವರು ವಾದಿಸಿದರು. ಕಾರ್ಖಾನೆಯಲ್ಲಿ ಮರದ ಭಾಗಗಳನ್ನು ಒಂದಕ್ಕೊಂದು ಸರಿಯಾಗಿ ಹೊಂದಿಸದೆ ಅಂಟಿಸಿದುದರಿಂದ ನಡುವೆ ಸಂದುಗಳುಳಿದುವೆಂದು ಇತರರು ವಾದಿಸಿದರು. ಈ ಎರಡು ವಾದಗಳಲ್ಲಿಯೂ ನಾವು ಕಲಿಯಬೇಕಾದ ಪಾಠವಿದೆ. ವಸ್ತುವು ಬಾಳಬೇಕಾದ ಹವೆಯನ್ನು ನೋಡಿ ಅಂಟನ್ನು ಆರಿಸಬೇಕು. ಆರಿಸಿದ ಅಂಟು ಉತ್ತಮವಾದುದೆಂದು ನಂಬಿ ಜೋಡಣೆಯಲ್ಲಿ ಅಜಾಗ್ರತೆ ಮಾಡಲಾಗದು.

ಹಾಗಾದರೆ ಅಂಟನ್ನು ಆರಿಸುವುದು ಹೇಗೆ? ಕೆಲಸಕ್ಕೆ ತೊಡಗುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ವಸ್ತು ಎಲ್ಲಿ ಇರುತ್ತದೆ? ಹಾಳೆಯ ಮರ ಎಂತಹುದು? ಒತ್ತಲು ಇರುವ ಸಾಧನವೇನು, ಕಾಲವೆಷ್ಟು? ಮುಂದೆಂದಾದರೂ ಇದನ್ನು ಬಿಡಿಸಬೇಕಾಗುವುದೆ? ಈ ನಾಲ್ಕಕ್ಕೂ ಉತ್ತರ ದೊರೆತರೆ ಅಂಟಿನ ಹೆಸರು ತಾನಾಗಿ ಹೊಳೆಯುತ್ತದೆ.

ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು. ಮೈಸೂರಿನ ಕುಸುರಿ ಕೆಲಸಗಾರರು ಬೀಟೆಯ ಹಲಗೆಯಲ್ಲಿ ಆಳವಿಲ್ಲದ ಗುಳಿಗಳನ್ನು ತೋಡಿ, ನಾನಾ ಬಣ್ಣದ ಮರಗಳ ತೆಳುತುಂಡುಗಳನ್ನು ಅದರಲ್ಲಿ ಕೂಡಿಸಿ ಆನೆ, ದಸರಾ ಮೆರವಣಿಗೆ, ಹಳ್ಳಿಯ ನೋಟ ಮೊದಲಾದ ಚಿತ್ರಗಳನ್ನು ಮೂಡಿಸುತ್ತಾರೆ. ಹಿಂದೆ ದಂತವನ್ನೂ ಹೀಗೆ ಕೂಡಿಸುತ್ತಿದ್ದರು. ಮೈಸೂರು ಅರಮನೆಯ ಬಾಗಿಲುಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಇಂತಹ ಚಿತ್ರ ಮನೆಯೊಳಗೆ ಗೋಡೆಯ ಮೇಲಿರುತ್ತದೆ, ನೀರಿನ ಭಯವಿಲ್ಲ. ತುಂಡುಗಳು ಸಣ್ಣವು, ಗುಳಿಯ ಅಂಚುಗಳೇ ಅವುಗಳನ್ನು ಹಿಡಿದಿರುತ್ತವೆ. ಆದುದರಿಂದ ಬಿಳಿಯ ಅಂಟು ಸಾಕು. ಬೀಟೆಯ ಎಣ್ಣೆಯನ್ನು ಒರಸುವುದನ್ನು ಮಾತ್ರ ಮರೆಯಲಾಗದು.

ಊಟದ ಮೇಜಿನ ಮಾತು ಬೇರೆ. ಅದರ ಮೇಲೆ ಬಿಸಿ ಪಾತ್ರೆ ಇಡುತ್ತಾರೆ, ನೀರು ಚೆಲ್ಲುತ್ತದೆ, ಮೇಲ್ಮೈ ವಿಶಾಲವಾದುದು. ಇಲ್ಲಿ ಶಾಖಕ್ಕೆ ಮೆತ್ತಗಾಗುವ ಬಿಳಿಯ ಅಂಟಿಗಿಂತ ಗಡುಸಾಗುವ ಯೂರಿಯಾ ಅಂಟು ಮೇಲು. ಬಚ್ಚಲಿನ ಬಾಗಿಲು, ದೋಣಿ ಮುಂತಾದ ನೀರಿನ ನೆರೆಯ ವಸ್ತುಗಳಲ್ಲಿ ಅಡಿಯ ಪ್ಲೈವುಡ್ಡು ಫೀನಾಲ್ ಅಂಟಿನದಾಗಿರಬೇಕು. ಹಾಳೆಯನ್ನು ಎಪಾಕ್ಸಿಯಿಂದ ಕೂಡಿಸಬಹುದು. ನೂರು ವರ್ಷದ ಹಿಂದಿನ ಪೆಟ್ಟಿಗೆಯೊಂದರ ಹಾಳೆ ಎದ್ದು ಬಂದಿದ್ದರೆ ಅದಕ್ಕೆ ಎಪಾಕ್ಸಿಯನ್ನು ಸುರಿಯುವುದು ಅವಿವೇಕ. ಇನ್ನು ಐವತ್ತು ವರ್ಷಗಳ ಮೇಲೆ ಅದನ್ನು ರಿಪೇರಿ ಮಾಡುವವನು ಹಾಳೆಯನ್ನು ಒಡೆಯದೆ ಬಿಡಿಸಲಾರನು. ಅಲ್ಲಿಗೆ ಸರೇಸೇ ಸರಿ. ಅತಿ ಬಲವಾದ ಅಂಟೇ ಅತ್ಯುತ್ತಮವಾದ ಅಂಟೆಂಬ ಭಾವನೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಸರಿಯಾದ ಅಂಟನ್ನು ಆರಿಸಿದ ಮೇಲೂ ಪಾಲಿಸಬೇಕಾದ ಕೆಲವು ನಿಯಮಗಳಿವೆ. ಹಲಗೆ ಚೆನ್ನಾಗಿ ಒಣಗಿ ಸಮತಟ್ಟಾಗಿರಬೇಕು, ಧೂಳಿಲ್ಲದಿರಬೇಕು. ಅಂಟನ್ನು ಹಲಗೆಗೆ ಹಚ್ಚಬೇಕೇ ಹೊರತು ತೆಳುಹಾಳೆಗೆ ಹಚ್ಚಬಾರದು. ಹಚ್ಚಿದರೆ ಅದು ಕೂಡಲೆ ಸುರುಳಿಯಾಗುತ್ತದೆ. ಅಂಟು ಹೆಚ್ಚಾದರೆ ರಂಧ್ರಗಳಲ್ಲಿ ಜಿನುಗಿ, ಆಮೇಲೆ ಹಾಕುವ ಪಾಲಿಷ್ ಅಲ್ಲಿ ಹಿಡಿಯದೆ ಮಚ್ಚೆಗಳು ಕಾಣುತ್ತವೆ. ಕಡಮೆಯಾದರೆ ಒಣ ಜಾಗಗಳು ಉಳಿದು ಗುಳ್ಳೆಗಳೇಳುತ್ತವೆ. ಒತ್ತಡವನ್ನು ನಡುವಿನಿಂದ ಅಂಚಿನ ಕಡೆಗೆ ಹಾಕಿದರೆ ಗಾಳಿಯೂ ಹೆಚ್ಚಿನ ಅಂಟೂ ಹೊರಕ್ಕೆ ಹೋಗುತ್ತವೆ. ಹಾಳೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೇಲೆ ದಪ್ಪ ಹಲಗೆಯನ್ನೂ ಇಟ್ಟು ಕ್ಲಾಂಪುಗಳಿಂದ ಬಿಗಿದರೆ ಒತ್ತಡ ಎಲ್ಲೆಡೆಯೂ ಸಮನಾಗುತ್ತದೆ. ಹಲಗೆಯ ಒಂದು ಮುಖಕ್ಕೆ ಹಾಳೆ ಅಂಟಿಸಿದರೆ ಇನ್ನೊಂದು ಮುಖಕ್ಕೂ ಅಂಟಿಸಬೇಕು. ಇಲ್ಲವಾದರೆ ಒಂದೇ ಕಡೆಯ ಸೆಳೆತದಿಂದ ಹಲಗೆ ಬಿಲ್ಲಿನಂತೆ ಬಾಗುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಸಮಭಾರವಿದ್ದಾಗ ಮುಳ್ಳು ನೆಟ್ಟಗೆ ನಿಲ್ಲುವ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳ ಸಂಖ್ಯೆ ಸಾಮಾನ್ಯವಾಗಿ ಮೂರು, ಐದು, ಏಳು ಹೀಗೆ ಬೆಸವಾಗಿರುವುದು ಈ ಸಮತೋಲಕ್ಕಾಗಿಯೇ.

ಅಂಟು ಒಣಗಿದ ಬಳಿಕ ಬೆರಳ ಗಿಣ್ಣಿನಿಂದ ಮೇಲ್ಮೈಯನ್ನು ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿಯಾದ ಸದ್ದು ಬಂದರೆ ಹಾಳೆ ಹಿಡಿದಿದೆ. ಟೊಳ್ಳು ಸದ್ದು ಬಂದರೆ ಅಲ್ಲಿ ಗುಳ್ಳೆಯಿದೆ. ಸರೇಸಾಗಿದ್ದರೆ ಕೊಂಚ ತೇವಮಾಡಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಗುಳ್ಳೆಯನ್ನು ಕೂರಿಸಬಹುದು. ಯೂರಿಯಾ ಅಂಟಾಗಿದ್ದರೆ ನಾರಿನ ಗುಂಟ ಸಣ್ಣದಾಗಿ ಸೀಳಿ, ಒಳಗೆ ಹೊಸ ಅಂಟನ್ನು ತೂರಿಸಿ ಒತ್ತಬೇಕು. ಕಿವಿಯಿಂದ ಮರದ ಯೋಗಕ್ಷೇಮವನ್ನು ಅರಿಯುವ ಈ ಪರೀಕ್ಷೆ ಬಹು ಹಳೆಯದಾದರೂ ಇಂದಿಗೂ ಉಪಯುಕ್ತವಾಗಿದೆ.

ಕೊನೆಯದಾಗಿ ಕೆಲಸಗಾರನ ಆರೋಗ್ಯವನ್ನೂ ನೆನೆಯಬೇಕು. ಫಾರ್ಮಾಲ್ಡಿಹೈಡ್ ಅಂಟುಗಳಿಂದ ಹೊರಡುವ ಅನಿಲ ಕಣ್ಣು ಮೂಗುಗಳನ್ನು ಉರಿಸುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ನಿರ್ಣಯಿಸಿತು. ರಬ್ಬರಿನ ಅಂಟಿನ ದ್ರಾವಕವು ತಲೆಸುತ್ತು ತರುವುದಲ್ಲದೆ ಬೆಂಕಿಗೆ ಬೇಗ ತುತ್ತಾಗುತ್ತದೆ. ಇವುಗಳನ್ನು ಬಳಸುವಾಗ ಕಿಟಕಿ ಬಾಗಿಲುಗಳು ತೆರೆದಿರಬೇಕು. ಸಮೀಪದಲ್ಲಿ ದೀಪ ಒಲೆಗಳಿರಬಾರದು. ಅನಿಲವನ್ನು ಕಡಮೆ ಸೂಸುವ ಅಂಟುಗಳಿಗಾಗಿಯೂ, ಸೋಯಾ ಹಿಟ್ಟು, ಮರದ ತೊಗಟೆಯ ಟ್ಯಾನಿನ್, ಗೇರುಬೀಜದ ಚಿಪ್ಪಿನ ಎಣ್ಣೆ ಮುಂತಾದ ಬೆಳೆಯ ಪದಾರ್ಥಗಳಿಂದ ಅಂಟು ಮಾಡುವುದಕ್ಕಾಗಿಯೂ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. 1962ರಲ್ಲಿ ಬೆಂಗಳೂರಿನಲ್ಲಿ ಪ್ಲೈವುಡ್ ಉದ್ಯಮಕ್ಕಾಗಿ ಆರಂಭವಾದ ಸಂಶೋಧನಾಲಯವು ಅಂಟುಗಳ ಅಧ್ಯಯನಕ್ಕೆ ಹೆಸರಾಯಿತು. ಒಂದು ಕಾಲದಲ್ಲಿ ಚರ್ಮ, ಹಾಲುಗಳಿಂದ ಅಂಟು ಮಾಡಿದ ಮಾನವನು ರಸಾಯನಶಾಲೆಯನ್ನು ಸುತ್ತಿ ಮತ್ತೆ ಹೊಲ ತೋಟಗಳ ಕಡೆಗೆ ನೋಡುತ್ತಿರುವುದು ಗಮನಿಸತಕ್ಕ ಸಂಗತಿ.

ಅಂಟು ಅಲ್ಪ ವಸ್ತುವೆಂದು ತೋರಬಹುದು. ಬೀಟೆಯ ಹಾಳೆಯ ಬೆಲೆಯ ಮುಂದೆ ಅದರ ಬೆಲೆ ಅತ್ಯಲ್ಪವೇ ಸರಿ. ಆದರೆ ಕಾಡಿನಲ್ಲಿ ನೂರಾರು ವರ್ಷ ಬೆಳೆದ ಮರದ ಸೊಬಗನ್ನು ಮುಂದಿನ ತಲೆಮಾರಿಗೆ ಉಳಿಸಿಕೊಡುವ ಹೊಣೆ ಆ ಅಲ್ಪ ವಸ್ತುವಿನ ಮೇಲಿದೆ. ನಿಪುಣನಾದ ಬಡಗಿಯು ಡಬ್ಬಿಯ ಮೇಲಿನ ಹೆಸರಿಗೆ ಮಾರುಹೋಗುವುದಿಲ್ಲ. ಮರವನ್ನು ನೋಡುತ್ತಾನೆ, ಹವೆಯನ್ನು ನೋಡುತ್ತಾನೆ, ಬಳಸುವವರ ಅಗತ್ಯವನ್ನು ನೋಡುತ್ತಾನೆ. ಆಮೇಲೆ ಅಂಟನ್ನು ಆರಿಸುತ್ತಾನೆ.

ಅಭ್ಯಾಸ

1. ಮರಕ್ಕೆ ಅಂಟು ಹಿಡಿಯುವ ಬಗೆಯನ್ನು ವಿವರಿಸಿರಿ.

2. ತೇಗ, ಬೀಟೆಗಳಿಗೆ ಅಂಟು ಹಚ್ಚುವ ಮೊದಲು ಏನು ಮಾಡಬೇಕು? ಏಕೆ?

3. ಸರೇಸಿನ ಹಿರಿಮೆಯೇ ಅದರ ಕೊರತೆಯೂ ಹೌದೆಂದು ಲೇಖಕರು ಹೇಳಲು ಕಾರಣವೇನು?

4. ಮಾಸ್ಕಿಟೊ ವಿಮಾನದ ಪ್ರಸಂಗದಿಂದ ಕಲಿಯಬೇಕಾದ ಪಾಠಗಳಾವುವು?

5. ಹಲಗೆಯ ಎರಡೂ ಮುಖಗಳಿಗೆ ಹಾಳೆಯನ್ನು ಅಂಟಿಸಬೇಕಾದುದೇಕೆ?

6. ನಿಮ್ಮ ಶಾಲೆಯ ಅಥವಾ ಮನೆಯ ಮರದ ವಸ್ತುವೊಂದನ್ನು ಆರಿಸಿಕೊಂಡು, ಅದಕ್ಕೆ ಹಾಳೆ ಅಂಟಿಸಲು ಯಾವ ಅಂಟು ತಕ್ಕುದೆಂಬುದನ್ನು ಪಾಠದ ನಾಲ್ಕು ಪ್ರಶ್ನೆಗಳ ಸಹಾಯದಿಂದ ನಿರ್ಧರಿಸಿ, ಕಾರಣಗಳೊಡನೆ ಬರೆಯಿರಿ.